ಸ್ಕಿಪ್ಟನ್‌ಗೆ ಹೋಗುವವರು ಚಿಪ್ಸ್ ತಿನ್ನುವ ಮುಂಚೆ ಇದನ್ನು ಓದಿ

ಸ್ಕಿಪ್ಟನ್ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಒಂದು ಸಂತೆ ಊರು. ಮೊದಲು ಚಿಪ್ಸ್ ವಿಷಯ ಹೇಳಿಬಿಡುತ್ತೇನೆ, ಅಲ್ಲಿ ಚಿಪ್ಸ್ ಅಂದರೆ ಬಿಸಿಯಾಗಿ ಕರಿದ ಆಲೂಗಡ್ಡೆ ತುಂಡು. ಊರಿನ ಮಾತು ಆಮೇಲೆ.

ಇಂಗ್ಲೆಂಡಿಗೆ ಹೊರಟ ಸಸ್ಯಾಹಾರಿಗಳಿಗೆ ಎಲ್ಲರೂ ಹೇಳುವ ಧೈರ್ಯ ಒಂದೇ: "ಏನೂ ಸಿಗದಿದ್ದರೆ ಚಿಪ್ಸ್ ಇದ್ದೇ ಇರುತ್ತೆ." ನಾವೂ ಅದನ್ನೇ ನಂಬಿಕೊಂಡಿದ್ದೆವು. ಲೀಡ್ಸ್‌ನಲ್ಲಿರುವ ಮಗಳ ಮನೆಯಿಂದ ನಾನು, ನಮ್ಮನೆಯವರು ಇಬ್ಬರೇ ನಾಲ್ಕು ದಿನಕ್ಕೆಂದು ಸ್ಕಿಪ್ಟನ್‌ಗೆ ಹೋದೆವು. ಮಧ್ಯಾಹ್ನ ಹಸಿವಾಗಿ ಒಂದು ಚಿಪ್ಸ್ ಅಂಗಡಿಗೆ ಹೊಕ್ಕೆವು. ಬಿಸಿಬಿಸಿ ಆಲೂಗಡ್ಡೆ, ಮೇಲೆ ಉಪ್ಪು, ವಿನೆಗರ್. ನಮ್ಮನೆಯವರು ಎರಡು ತುಂಡು ಬಾಯಿಗೆ ಹಾಕಿಕೊಂಡೂ ಆಗಿತ್ತು. ನಾನು ಗೋಡೆಯ ಮೇಲಿದ್ದ ಬೋರ್ಡ್ ಓದುತ್ತಾ ನಿಂತಿದ್ದೆ. ಇಲ್ಲಿ ಎಲ್ಲವನ್ನೂ ಬೀಫ್ ಡ್ರಿಪ್ಪಿಂಗ್‌ನಲ್ಲೇ ಕರಿಯುತ್ತೇವೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಡ್ರಿಪ್ಪಿಂಗ್ ಅಂದರೆ ದನದ ಕೊಬ್ಬು.

ಅಂಗಡಿಯವರದ್ದು ತಪ್ಪಿಲ್ಲ. ಬೋರ್ಡ್ ಹಾಕಿದ್ದಾರೆ, ಓದುವುದು ನಮ್ಮ ಕೆಲಸ. ಯಾರ್ಕ್‌ಶೈರ್ ಕಡೆ ಚಿಪ್ಸನ್ನು ಹೀಗೆ ಕರಿಯುವುದು ಹಳೇ ಪದ್ಧತಿ, ಅವರಿಗೆ ಅದೇ ರುಚಿ. ಆದರೆ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮನೆಯವರ ಮುಖ ನೋಡಿ ನನಗೆ ಅಳುವೇ ಬಂತು. ದಯವಿಟ್ಟು ಹಣ ಕೊಡುವ ಮುಂಚೆ ಕೇಳಿ: ವೆಜಿಟೇಬಲ್ ಆಯಿಲ್‌ನಲ್ಲಿ ಕರಿದಿದ್ದಾ? ಕೆಲವು ಅಂಗಡಿಗಳಲ್ಲಿ ಹೌದು ಅನ್ನುತ್ತಾರೆ. ಇಲ್ಲ ಅಂದರೆ ಸುಮ್ನೆ ಹೊರಗೆ ಬನ್ನಿ.

ಹಾಗೆ ಹೊರಗೆ ಬಂದಿದ್ದಕ್ಕೇ ನಮಗೆ ಆ ಸಣ್ಣ ಹೋಟೆಲ್ ಸಿಕ್ಕಿತು. ಸ್ಕಿಪ್ಟನ್‌ನ ಹೈ ಸ್ಟ್ರೀಟ್‌ನ ಎರಡೂ ಕಡೆ ಅಂಗಡಿಗಳ ಮಧ್ಯೆ ಕಿರಿದಾದ ಓಣಿಗಳಿವೆ. ಆ ಕಡೆಯವರು ಇವಕ್ಕೆ ಗಿನೆಲ್ ಅನ್ನುತ್ತಾರೆ. ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಅಷ್ಟೇ ಅಗಲ. ಅಂಥದ್ದೊಂದು ಗಿನೆಲ್‌ನ ಒಳಗೆ ಐದಾರು ಮೇಜು, ಒಬ್ಬರೇ ಹೆಂಗಸು. ನಮ್ಮ ಕತೆ ಕೇಳಿ ಆಕೆ ತನ್ನ ಅಡುಗೆಮನೆಯಲ್ಲಿ ಯಾವುದರಲ್ಲಿ ಏನಿದೆ ಅಂತ ಒಂದೊಂದಾಗಿ ಹೇಳಿದರು. ನಾವು ತಗೊಂಡಿದ್ದು ಜಾಕೆಟ್ ಪೊಟ್ಯಾಟೊ. ಎರಡು ಮುಷ್ಟಿ ಗಾತ್ರದ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಓವನ್‌ನಲ್ಲಿ ಬೇಯಿಸಿರುತ್ತಾರೆ. ಸಿಪ್ಪೆ ಹಪ್ಪಳದ ಹಾಗೆ ಗರಿಗರಿ, ಒಳಗೆ ಹತ್ತಿ ಹಾಗೆ ಮೆತ್ತಗೆ. ನಡುವೆ ಸೀಳಿ ಬೆಣ್ಣೆ, ಮೇಲೆ ಬೇಯಿಸಿದ ಬೀನ್ಸ್, ತುರಿದ ಚೀಸ್. ಒಂದಕ್ಕೆ ಆರೂವರೆ ಪೌಂಡ್. ಒಂದರಲ್ಲೇ ಹೊಟ್ಟೆ ತುಂಬುತ್ತದೆ, ಇಬ್ಬರು ಹಂಚಿಕೊಂಡರೂ ನಡೆಯುತ್ತದೆ. ಜೊತೆಗೆ ಒಂದು ಕೆಟಲ್ ತುಂಬ ಟೀ, ನಮಗೆ ಬೇಕಾದಷ್ಟು ಸ್ಟ್ರಾಂಗ್.

ಆಮೇಲೆ ಆಕೆ ಪಾರ್ಕಿನ್ ಅನ್ನುವ ಕೇಕ್ ತಂದಿಟ್ಟರು. ಓಟ್ಸ್, ಶುಂಠಿ, ಕಾಕಂಬಿಯಂಥ ಕಪ್ಪು ಪಾಕ ಹಾಕಿ ಮಾಡುವುದು. ಬಾಯಿಗಿಟ್ಟರೆ ಆಲೆಮನೆಯ ಪರಿಮಳ. ಇದಕ್ಕೂ ಕೆಲವರು ಹಂದಿ ಕೊಬ್ಬು ಹಾಕುತ್ತಾರಂತೆ, "ನನ್ನದು ಬರೀ ಬೆಣ್ಣೆ, ಲವ್" ಅಂದರು. ಆ ಕಡೆ ಎಲ್ಲರನ್ನೂ ಲವ್ ಅಂತಲೇ ಮಾತಾಡಿಸುತ್ತಾರೆ. ನಮ್ಮಲ್ಲಿ ಅಕ್ಕಾ, ಅಣ್ಣಾ ಅಂದ ಹಾಗೆ. ಅಲ್ಲಿದ್ದ ನಾಲ್ಕು ದಿನದಲ್ಲಿ ಮೂರು ಹೊತ್ತು ಅಲ್ಲೇ ಊಟ ಮಾಡಿದೆವು.

ಈಗ ಊರಿನ ವಿಷಯ. ಲೀಡ್ಸ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಬೆಳಿಗ್ಗೆ ಆಫೀಸ್ ಸಮಯ ಕಳೆದ ಮೇಲೆ ಹೊರಟರೆ ಟಿಕೆಟ್ ಕಡಿಮೆ. ಬೆಟ್ಟಗುಡ್ಡದ ಕಡೆ ಹೋಗುವವರು ಬಹಳ ಜನ ಇಲ್ಲಿ ಬರೀ ರೈಲು ಬದಲಿಸಿ ಹೋಗುತ್ತಾರೆ. ಹಾಗೆ ಮಾಡಬೇಡಿ. ಸ್ಕಿಪ್ಟನ್ ಅಂದರೆ ಹಳೇ ಇಂಗ್ಲಿಷ್‌ನಲ್ಲಿ ಕುರಿಗಳ ಊರು. ನಾವು ಚಳ್ಳಕೆರೆ ಕಡೆಯವರು, ಕುರಿ, ಕಂಬಳಿ, ಸಂತೆ ನೋಡಿ ಬೆಳೆದವರು. ಹೆಸರಿನ ಅರ್ಥ ಗೊತ್ತಾದಾಗಲೇ ಆ ಊರು ನಮಗೆ ಹತ್ತಿರವಾಯಿತು.

ಸಂತೆ ಇರುವುದು ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ. ಈ ದಿನಗಳನ್ನು ನೋಡಿಕೊಂಡೇ ರೂಮ್ ಬುಕ್ ಮಾಡಿ. ಕೋಟೆಯ ಬಾಗಿಲಿನಿಂದ ಕೆಳಗಿನವರೆಗೂ ಅಗಲವಾದ ಬೀದಿ, ಎರಡೂ ಬದಿ ಕಲ್ಲು ಹಾಸಿದ ಜಾಗದಲ್ಲಿ ಸಾಲು ಅಂಗಡಿ. ಚೀಸ್, ಬ್ರೆಡ್, ಹೂವಿನ ಸಸಿ, ಉಣ್ಣೆ ಕಾಲುಚೀಲ. ಶನಿವಾರ ಕಾಲಿಡಲು ಜಾಗ ಇರಲ್ಲ ಅಂತ ದೂರುವವರಿದ್ದಾರೆ. ನನಗೆ ಅದೇ ಇಷ್ಟ, ಜನ ಇಲ್ಲದ ಸಂತೆ ಎಂಥ ಸಂತೆ? ಚೌಕಾಸಿ ನಡೆಯುವುದಿಲ್ಲ. ಆದರೆ ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ ಹಣ್ಣಿನವರು ತಾವೇ ಕೂಗಿ ಬೆಲೆ ಇಳಿಸುತ್ತಾರೆ. ಒಂದು ಬಟ್ಟಲು ತುಂಬ ಪ್ಲಮ್ ಹಣ್ಣು ಒಂದು ಪೌಂಡಿಗೆ ತಂದೆವು. ಚೀಸ್ ಕೊಳ್ಳುವಾಗ ಇನ್ನೊಂದು ಎಚ್ಚರಿಕೆ: ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. ಸಸ್ಯಾಹಾರಿ ಅನ್ನುವ ಗುರುತು ಇದೆಯಾ ನೋಡಿ.

ಕೋಟೆಗೆ 900 ವರ್ಷ ದಾಟಿದೆ. ಒಳಗಿನ ಕಲ್ಲು ಮೆಟ್ಟಿಲು ಸವೆದು ಏರುಪೇರಾಗಿವೆ, ಮಂಡಿ ನೋವಿರುವವರು ನಿಧಾನ. ನಾನು ಜಾಸ್ತಿ ಹೊತ್ತು ಕೂತಿದ್ದು ಒಳಗಿನ ಸಣ್ಣ ಅಂಗಳದಲ್ಲಿ. ನಡುವೆ ಒಂದು ಯೂ ಮರ, 1659ರಲ್ಲಿ ಲೇಡಿ ಆನ್ ಕ್ಲಿಫರ್ಡ್ ನೆಡಿಸಿದ್ದು. ಈಕೆ ಹುಟ್ಟಿದ್ದು ಇದೇ ಕೋಟೆಯಲ್ಲಿ, 1590ರಲ್ಲಿ. 15 ವರ್ಷಕ್ಕೆ ತಂದೆ ತೀರಿಕೊಂಡಾಗ ಒಬ್ಬಳೇ ಮಗಳಾದರೂ ಆಸ್ತಿ ಹೋಗಿದ್ದು ಚಿಕ್ಕಪ್ಪನಿಗೆ. ರಾಜನೇ ರಾಜಿ ಮಾಡಿಕೋ ಅಂದರೂ ಈಕೆ ಒಪ್ಪಲಿಲ್ಲ. 1643ರಲ್ಲಿ, 53ನೇ ವಯಸ್ಸಿನಲ್ಲಿ ಕೈಗೆ ಬಂತು. ಅಷ್ಟರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾಗಿತ್ತು, ಕೋಟೆಗೆ 3 ವರ್ಷ ಮುತ್ತಿಗೆ. ಫಿರಂಗಿ ಗುಂಡಿನ ಪೆಟ್ಟು ತಡೆಯಲು ಗೋಡೆ ಮೇಲೆ ಕುರಿ ಉಣ್ಣೆ ಇಳಿಬಿಟ್ಟಿದ್ದರು ಅಂತ ಕತೆ ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಗೆದ್ದವರು ಕೋಟೆಯನ್ನು ಕೆಡವಿದರು, ಈಕೆ ಮತ್ತೆ ಕಟ್ಟಿಸಿದಳು. ಹೆಣ್ಣುಮಕ್ಕಳ ಪಾಲಿಗಾಗಿ ಕೋರ್ಟು ಅಲೆದವರನ್ನು ನಮ್ಮ ಮನೆಗಳಲ್ಲೇ ನೋಡಿದ್ದೇನೆ. ಆ ಮರದ ಕೆಳಗಿಂದ ಬೇಗ ಏಳಲು ಮನಸ್ಸಾಗಲಿಲ್ಲ.

ಕೋಟೆಯ ಪಕ್ಕದಲ್ಲೇ ಹೋಲಿ ಟ್ರಿನಿಟಿ ಚರ್ಚ್. ಇದನ್ನು ಬಿಟ್ಟು ಬರಬೇಡಿ. ಒಳಗೆ ಕಪ್ಪು ಕಲ್ಲಿನ ಒಂದು ದೊಡ್ಡ ಸಮಾಧಿ ಇದೆ, ಸುತ್ತಲೂ ಮನೆತನದ ಲಾಂಛನಗಳು. ಲೇಡಿ ಆನ್‌ಳ ತಂದೆ ಜಾರ್ಜ್ ಕ್ಲಿಫರ್ಡ್, ಕಂಬರ್‌ಲೆಂಡ್‌ನ ಅರ್ಲ್, ಅಲ್ಲಿ ಮಲಗಿದ್ದಾನೆ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ ಸನ್ನದಿನಲ್ಲಿ ಮೊದಲು ಬರುವ ಹೆಸರು ಇವನದ್ದು. ಇವನ ಜೊತೆ 215 ಮಂದಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಇಸವಿ ಅದು. ಒಂದು ಸಂತೆ ಊರಿನ ಚರ್ಚಿನಲ್ಲಿ ಅದು ಹೀಗೆ ಎದುರಾಗುತ್ತದೆ ಅಂದುಕೊಂಡಿರಲಿಲ್ಲ. ಕಲ್ಲು ಮುಟ್ಟಿ ನೋಡಿದೆ, ಜೂನ್ ತಿಂಗಳಲ್ಲೂ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

ಕಾಲುವೆ ದಡದಲ್ಲಿ ಇಂಗ್ಲೆಂಡಿನ ಕ್ರಿಕೆಟ್ ವೇಗದ ಬೌಲರ್ ಫ್ರೆಡ್ ಟ್ರೂಮನ್ ಪ್ರತಿಮೆ ಇದೆ, ಚೆಂಡು ಎಸೆಯುವ ಭಂಗಿ. 1952ರಲ್ಲಿ ಲೀಡ್ಸ್‌ನಲ್ಲಿ ನಮ್ಮ ತಂಡ ಎರಡನೇ ಇನಿಂಗ್ಸ್‌ನಲ್ಲಿ ರನ್ ಖಾತೆ ತೆರೆಯುವ ಮುಂಚೆಯೇ 4 ವಿಕೆಟ್ ಕಳೆದುಕೊಂಡಿತ್ತಲ್ಲ, ಅದರಲ್ಲಿ 3 ಈತನದ್ದು, ಅದೂ ಮೊದಲ ಟೆಸ್ಟ್‌ನಲ್ಲೇ. ನಮ್ಮನೆಯವರು ಅಲ್ಲಿ ಅರ್ಧ ಗಂಟೆ ನಿಂತರು. ಕಾಲುವೆ ಪಕ್ಕದ ದಾರಿ ಸಮತಟ್ಟಾಗಿದೆ, ಕೋಟೆಯ ಹಿಂಭಾಗದವರೆಗೂ ನೆರಳಿನಲ್ಲಿ ನಡೆಯಬಹುದು. ಖರ್ಚಿಲ್ಲ.

ಇನ್ನು ಬಸ್. ಮ್ಯಾಲಮ್ ಕೋವ್ ಅನ್ನುವ ಸುಮಾರು 80 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆ ನೋಡಲು ಹೋಗಿದ್ದೆವು. ಬಂಡೆ ನಿಜಕ್ಕೂ ದೊಡ್ಡದು, ಬುಡದಲ್ಲಿ ನಿಂತರೆ ಸಾಕು, ಮೇಲಿನ ಮೆಟ್ಟಿಲು ನಾನು ಹತ್ತಲಿಲ್ಲ. ಬಸ್ ದಿನಕ್ಕೆ ಕೆಲವೇ ಸಲ. ನಿಲ್ದಾಣದ ಪಟ್ಟಿಯಲ್ಲಿ ಸಂಜೆ ಬಸ್ ಇದೆ ಅಂತ ನೋಡಿಕೊಂಡು ನೆಮ್ಮದಿಯಿಂದ ತಿರುಗಾಡಿದೆವು. ಬಸ್ ಬರಲೇ ಇಲ್ಲ. ಮಳೆ ಹನಿ ಶುರುವಾಯಿತು, ಮೊಬೈಲಿಗೆ ಸಿಗ್ನಲ್ ಇಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ಪಟ್ಟಿ ಓದಿದೆ. ಆ ಸಮಯದ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ಕೆಳಗಿನ ಸಾಲಿನಲ್ಲಿ ಅದರ ಅರ್ಥ: ಶಾಲೆ ಇರುವ ದಿನ ಮಾತ್ರ. ಅವತ್ತು ಶನಿವಾರ. ಹತ್ತಿರದ ಪಬ್‌ನವರು ತಮ್ಮ ಫೋನಿನಿಂದ ಟ್ಯಾಕ್ಸಿ ಕರೆಸಿಕೊಟ್ಟರು. ಹೋಗುವಾಗ ಬಸ್ಸಿಗೆ ತಲಾ 3 ಪೌಂಡ್, ಬರುವಾಗ ಟ್ಯಾಕ್ಸಿಗೆ 40. ಹಳ್ಳಿ ಕಡೆ ಬಸ್ ಹತ್ತುವ ಮುಂಚೆ ವಾಪಸ್ ಬರುವ ಕೊನೆಯ ಬಸ್ ಯಾವುದು ಅಂತ ಡ್ರೈವರ್‌ನನ್ನೇ ಕೇಳಿ, ಪಟ್ಟಿಯ ಫೋಟೊ ಕೂಡ ತೆಗೆದುಕೊಳ್ಳಿ.

ಸ್ಕಿಪ್ಟನ್ ಹತ್ತಿರದ ಬೋಲ್ಟನ್ ಆ್ಯಬಿ ಕಡೆ ಹೋಗುವವರಿಗೆ ಒಂದೇ ಮಾತು. ಅಲ್ಲಿ ವಾರ್ಫ್ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುವ ಸ್ಟ್ರಿಡ್ ಅನ್ನುವ ಜಾಗ ಇದೆ. ನೋಡಿದರೆ ಒಂದೇ ನೆಗೆತಕ್ಕೆ ದಾಟಬಹುದು ಅನ್ನಿಸುತ್ತದೆ. ಬಂಡೆಯ ಅಡಿ ನೀರು ಕೊರೆದು ಆಳವಾಗಿದೆ, ಬಿದ್ದವರು ಪ್ರಾಣ ಕಳೆದುಕೊಂಡಿದ್ದಾರೆ. ಮಕ್ಕಳ ಕೈ ಬಿಡಬೇಡಿ, ಫೋಟೊಗಾಗಿ ಅಂಚಿಗೆ ಹೋಗಬೇಡಿ.

ಹೊರಡುವ ದಿನ ಮತ್ತೆ ಆ ಗಿನೆಲ್‌ಗೆ ಹೋಗಿ ಮಗಳಿಗೆಂದು ಪಾರ್ಕಿನ್ ಕಟ್ಟಿಸಿಕೊಂಡೆವು. "ಇವತ್ತೇ ತಿನ್ನಬೇಡಿ, ಡಬ್ಬಿಯಲ್ಲಿ ಮೂರು ದಿನ ಬಿಡಿ, ಆಮೇಲೆ ನೋಡಿ" ಅಂದರು. ಹಾಗೇ ಮಾಡಿದೆವು. ಮೊದಲಿಗಿಂತ ಮೆತ್ತಗಾಗಿ, ಶುಂಠಿ ಇನ್ನೂ ಚೆನ್ನಾಗಿ ಹಿಡಿದಿತ್ತು. ನೀವು ಹೋದರೆ ಎರಡು ಪೊಟ್ಟಣ ತನ್ನಿ.