ಅಮ್ಮನ ಕ್ಯಾಲೆಂಡರಿನ 4.40

ಹನುಮಂತನಗರದ ನಮ್ಮ ಮನೆಗೆ ನೀರು ಬರುವುದು ದಿನ ಬಿಟ್ಟು ದಿನ, ಬೆಳಗಿನ ಜಾವ. ಬಂದ ಹೊತ್ತನ್ನು ಅಮ್ಮ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ. ಕತ್ತಲಲ್ಲಿ ಅವಳು ಸಂಪಿನ ಮುಚ್ಚಳ ಎತ್ತಿ ಇಣುಕುವುದು ತಪ್ಪಲಿ ಎಂದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರನ್ನು ಕಾವಲಿಗಿಟ್ಟೆ. ಮುಚ್ಚಳದ ಒಳಮೈಗೆ, ಶಬ್ದದ ಅಲೆಯಿಂದ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಇದೆ. ಅದನ್ನು ಓದುವುದು ಪೈಥಾನಿನ ಪುಟ್ಟ ತುಣುಕು, ಉಳಿದದ್ದೆಲ್ಲ ಬ್ಯಾಶ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ. ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್ ಎಂಬ ಪ್ರೋಗ್ರಾಂ ಅದನ್ನು ಐದು ನಿಮಿಷಕ್ಕೊಮ್ಮೆ ಓಡಿಸುತ್ತದೆ. (ಸೆನ್ಸರಿನ ಉತ್ತರ 5 ವೋಲ್ಟಿನದು, ಪೈಯ ಪಿನ್ ತಾಳುವುದು 3.3. ನಡುವೆ ಎರಡು ರೆಸಿಸ್ಟರ್ ಹಾಕದೆ ಜೋಡಿಸಬೇಡಿ.)

ಒಂದು ದಿನ, ಅಳತೆಗಳು ಸಮಯದೊಂದಿಗೆ ದಾಖಲಾಗುವ ಲಾಗ್ ಕಡತದಲ್ಲಿ ನೀರು ಏರತೊಡಗಿದ್ದು 2.55ಕ್ಕೆ ಎಂದಿತ್ತು. ಕ್ಯಾಲೆಂಡರಿನಲ್ಲಿ 4.40. ನಾನು ನಂಬಿದ್ದು ಲಾಗನ್ನು. ಅಮ್ಮ ವಾದಿಸಲಿಲ್ಲ, "ಹಾಲಿನವನು ಬರುವ ಸ್ವಲ್ಪ ಮುಂಚೆ" ಎಂದಷ್ಟೇ ಹೇಳಿದಳು. ಸಂಜೆ ಕಡತವನ್ನು ಸಾಲು ಸಾಲಾಗಿ ಓದಿದಾಗ ಗೊತ್ತಾಯಿತು: 2.40, 2.45, 2.50, ಅದರ ಕೆಳಗೆ ಮತ್ತೆ 2.20, 2.25.

ರಾತ್ರಿ ಕರೆಂಟು ಹೋಗಿ ನಾಲ್ಕರ ಸುಮಾರಿಗೆ ಬಂದಿತ್ತು. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಫೇಕ್ ಎಚ್‌ಡಬ್ಲ್ಯುಕ್ಲಾಕ್ ಎಂಬ ಪ್ರೋಗ್ರಾಂ ಗಂಟೆಗೊಮ್ಮೆ ಸಮಯವನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತದೆ. ಪೈಯ ವ್ಯವಸ್ಥೆಗೆ ಮೂಲವಾದ ಡೆಬಿಯನ್‌ನಲ್ಲಿ ಗಂಟೆಯ ಕೆಲಸಗಳು 17ನೇ ನಿಮಿಷಕ್ಕೆ ನಡೆಯುವುದರಿಂದ ಕೊನೆಗೆ ಉಳಿದಿದ್ದು 2.17. ಕರೆಂಟು ಬಂದಾಗ ಪೈ ಅಲ್ಲಿಂದಲೇ ಎಣಿಕೆ ಶುರುಮಾಡಿತ್ತು. ಸರಿಯಾದ ಸಮಯ ಹೇಳಬೇಕಿದ್ದ ಇಂಟರ್‌ನೆಟ್ ಬೆಳಿಗ್ಗೆ ಏಳರವರೆಗೂ ಬಂದಿರಲಿಲ್ಲ. ಅಮ್ಮನ ಹೊತ್ತೇ ಸರಿ.

ಅಂದೇ ಸ್ಕ್ರಿಪ್ಟಿಗೆ ಎರಡು ಸಾಲು ಸೇರಿಸಿದೆ. ಮೊದಲನೆಯದು ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಯನ್ನು ಕೇಳಿ, ಸಮಯ ನೆಟ್ ಜೊತೆ ಹೊಂದಿಕೊಂಡಿಲ್ಲದಿದ್ದರೆ ಅಳತೆಯ ಪಕ್ಕ ಪ್ರಶ್ನೆಚಿಹ್ನೆ ಹಾಕುತ್ತದೆ. ಎರಡನೆಯದು ಪ್ರಾಕ್ ಫೋಲ್ಡರಿನ ಅಪ್‌ಟೈಮ್ ಕಡತದಿಂದ, ಯಂತ್ರ ಎದ್ದು ಎಷ್ಟು ಸೆಕೆಂಡಾಯಿತು ಎಂಬುದನ್ನು ಬರೆಯುತ್ತದೆ. ಪೈ ತೋರಿಸುವ ಸಮಯ ಎಷ್ಟೇ ತಪ್ಪಿದರೂ ಆ ಎಣಿಕೆ ತಪ್ಪುವುದಿಲ್ಲ. ಆಮೇಲೆ ಸಮಯ ಸರಿಹೋದಾಗ ಹಿಂದಿನ ಸಾಲುಗಳನ್ನು ಲೆಕ್ಕ ಹಾಕಿ ತಿದ್ದಬಹುದು. ಕ್ರಾನ್‌ನಿಂದ ಓಡಿಸುವವರು ಪ್ರತಿ ಆಜ್ಞೆಗೂ ಅದು ಯಾವ ಫೋಲ್ಡರಿನಲ್ಲಿದೆ ಎಂಬ ಪೂರ್ತಿ ದಾರಿ ಬರೆಯಿರಿ, ಟರ್ಮಿನಲ್ಲಿಗೆ ಗೊತ್ತಿರುವ ದಾರಿಗಳೆಲ್ಲ ಕ್ರಾನ್‌ಗೆ ಗೊತ್ತಿರುವುದಿಲ್ಲ.

ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಡಿಎಸ್3231 ಎಂಬ, ಬ್ಯಾಟರಿ ಇರುವ ಗಡಿಯಾರದ ಮಾಡ್ಯೂಲ್ ತಂದೆ. ಪಿನ್ 1, 3, 5, 9ಕ್ಕೆ ನಾಲ್ಕೇ ತಂತಿ. ಇಲ್ಲಿ ಒಂದು ಎಚ್ಚರ: ಅಗ್ಗದ ಮಾಡ್ಯೂಲುಗಳಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ, ಸಿಆರ್2032 ಬಿಲ್ಲೆ ಚಾರ್ಜ್ ಮಾಡುವಂಥದ್ದಲ್ಲ. ಹಾಗಾಗಿ 5 ವೋಲ್ಟಿಗೆ ಹೋಗಬೇಡಿ, 3.3ರ ಪಿನ್ನಿಗೇ ಕೊಡಿ. ಮಾಡ್ಯೂಲಿನ ಜೊತೆ ಮಾತಾಡುವ ಐ2ಸಿ ಸಂಪರ್ಕವನ್ನು ಚಾಲೂ ಮಾಡಿ ಹುಡುಕಿದಾಗ 68 ಎಂಬ ವಿಳಾಸ ಕಂಡಿತು. ಕಾನ್ಫಿಗ್ ಕಡತದಲ್ಲಿ, ಈ ಗಡಿಯಾರವಿದೆ ಎಂದು ತಿಳಿಸುವ ಓವರ್‌ಲೇ ಸಾಲು ಬರೆದು ರೀಬೂಟ್ ಮಾಡಿದ ಮೇಲೆ ಅದೇ ಜಾಗದಲ್ಲಿ "ಯುಯು" ಬಂತು. ವ್ಯವಸ್ಥೆಯ ತಿರುಳಾದ ಕರ್ನೆಲ್ ಅದನ್ನು ವಹಿಸಿಕೊಂಡಿತು ಎಂದರ್ಥ. ನೆಟ್ ಇದ್ದಾಗಲೇ ಸಮಯವನ್ನು ಅದರೊಳಗೆ ಒಮ್ಮೆ ಬರೆದು, ಫೇಕ್ ಎಚ್‌ಡಬ್ಲ್ಯುಕ್ಲಾಕ್ ಅನ್ನು ತೆಗೆದುಹಾಕಿದೆ.

ಮರುದಿನ ಮಧ್ಯಾಹ್ನ ರೂಟರ್ ಮತ್ತು ಪೈ ಎರಡರ ಪ್ಲಗ್ಗನ್ನೂ ಕಿತ್ತು ಊಟಕ್ಕೆ ಕುಳಿತೆ. ಎದ್ದು ಬಂದು ಪೈ ಒಂದನ್ನೇ ಚಾಲೂ ಮಾಡಿ, ಮಾನಿಟರ್ ಸಿಕ್ಕಿಸಿ ಡೇಟ್ ಎಂದು ಒತ್ತಿದೆ. ಅಮ್ಮ ನಡುಮನೆಯ ಗಡಿಯಾರ ನೋಡಿ ಹೊತ್ತು ಹೇಳಿದಳು. 2.10. ಪರದೆಯಲ್ಲೂ 2.10.