"ಅಣ್ಣ, ಯಾವ ಸೆಕೆಂಡ್ಸ್ ಬೈಕ್ ತಗೊಳ್ಲಿ?" ಅಂತ ಕೇಳೋರಿಗೆಲ್ಲ

ಗೋಣಿಕೊಪ್ಪದಲ್ಲಿ ನಂದೊಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ನಾನು ಮೆಕ್ಯಾನಿಕ್ ಅಲ್ಲ, ಬ್ರೋಕರ್ ಅಂತೂ ಅಲ್ಲವೇ ಅಲ್ಲ. ಆದ್ರೂ ಕಾಫಿ ದುಡ್ಡು ಕೈಗೆ ಬರೋ ಮಾರ್ಚ್-ಏಪ್ರಿಲ್ ಬಂತು ಅಂದ್ರೆ ಒಬ್ಬರ ಹಿಂದೆ ಒಬ್ಬರು ಕೌಂಟರ್ ಮೇಲೆ ಮೊಣಕೈ ಊರಿ, "ಅಣ್ಣ, ಒಂದು ಸೆಕೆಂಡ್ಸ್ ಬೈಕ್ ಹೇಳಿ, ಕಮ್ಮಿ ರೇಟಿರಬೇಕು, ಕಂಡೀಶನ್ ಚೆನ್ನಾಗಿರಬೇಕು, ಮೈಲೇಜೂ ಕೊಡಬೇಕು" ಅಂತಾರೆ. ಅಂಥ ಗಾಡಿ ಇದ್ರೆ ಅದರ ಓನರ್ ಯಾಕೆ ಮಾರ್ತಾನೆ ಮಾರಾಯ, ಇಟ್ಕೊಳ್ಳಲ್ವಾ? ಸಾವಿರ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೀತಿದ್ದೀನಿ.

ನಂಗೆ ಜಾಸ್ತಿ ಸಿಟ್ಟು ಬರೋದು ಆ ಮೈಲೇಜ್ ಮಾತಿಗೆ. ಸಂಪಾಜೆ ಘಾಟಿ ಇಳಿಯೋನು, ಮಾಕುಟ್ಟ ಇಳಿಯೋನು ಎಲ್ಲ ಲೀಟರಿಗೆ ಎಷ್ಟು ಕೊಡುತ್ತೆ ಅಂತ ಕೇಳ್ತಾರೆ, ಬ್ರೇಕ್ ಹಿಡಿದ್ರೆ ಗಾಡಿ ನಿಲ್ಲುತ್ತಾ ಅಂತ ಒಬ್ಬನೂ ಕೇಳಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕಿಗೆಲ್ಲ ಎಬಿಎಸ್, ಅಂದ್ರೆ ಬ್ರೇಕ್ ಜೋರಾಗಿ ಹಿಡಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ, ಕಡ್ಡಾಯ ಆಗಿದೆ. ಕೈಲಿ ಸ್ವಲ್ಪ ದುಡ್ಡು ಜಾಸ್ತಿ ಇದ್ರೆ ಆಮೇಲೆ ತಯಾರಾದ 125 ಸಿಸಿ ಮೇಲಿನ ಗಾಡೀನೇ ನೋಡಿ. ಜುಲೈ-ಆಗಸ್ಟಿನ ಕಕ್ಕಡದ ಮಳೇಲಿ ಪಾಚಿ ಹಿಡಿದ ರೋಡಲ್ಲಿ ಮುಂದಿನ ಚಕ್ರ ಲಾಕ್ ಆದ್ರೆ ಏನಾಗುತ್ತೆ ಅಂತ ಬಿದ್ದೋರಿಗೇ ಗೊತ್ತು.

ನೋಡೋಕೆ ಬೆಳಿಗ್ಗೇನೇ ಹೋಗಿ, "ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ" ಅಂತ ಮೊದಲೇ ಹೇಳಿ ಹೋಗಿ, ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ, ಬಿಸಿ ಇದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಿ. ಸ್ಟಾರ್ಟ್ ಮಾಡಿದ ಮೇಲೆ ನೀಲಿ ಹೊಗೆ ನಿಲ್ಲದೆ ಬರ್ತಾ ಇದ್ರೆ ಆಯಿಲ್ ಉರೀತಿದೆ ಅಂತ ಅರ್ಥ, ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿರುತ್ತೆ, ಸಣ್ಣ ಖರ್ಚಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರಾದ್ರೂ ಒತ್ತಿ ಹಿಡಿದು ಮುಂದಿನ ಚಕ್ರ ಮೇಲೆ ಬಂದಾಗ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ, ನಡುವಲ್ಲಿ ಸಿಕ್ಕಿದ ಹಾಗೆ ಆದ್ರೆ ಕೋನ್ ಸೆಟ್, ಅಂದ್ರೆ ಹ್ಯಾಂಡಲ್ ತಿರುಗೋ ಕಡೆಯ ಬೇರಿಂಗ್, ಹೋಗಿದೆ, ನಮ್ಮ ತೋಟದ ರೋಡಲ್ಲಿ ಓಡಿದ ಗಾಡೀಲಿ ಇದು ಮಾಮೂಲಿ. ಸ್ಪ್ರಾಕೆಟ್ ಹಲ್ಲು ಒಂದೇ ಕಡೆ ಬಾಗಿ ಚೂಪಾಗಿದ್ರೆ ಚೈನ್ ಕಿಟ್ ಪೂರ್ತಿ ಬದಲಾಯಿಸ್ಬೇಕು. ಮೀಟರ್ ನಂಬಬೇಡಿ, ಫುಟ್‌ರೆಸ್ಟ್ ರಬ್ಬರ್ ನೋಡಿ, ಹತ್ತು ಸಾವಿರ ಕಿಲೋಮೀಟರ್ ಅಂತ ತೋರಿಸೋ ಗಾಡೀಲಿ ರಬ್ಬರ್ ಸವೆದು ನುಣ್ಣಗಾಗಿದ್ರೆ ಯಾವುದು ಸುಳ್ಳು ಅಂತ ನೀವೇ ಹೇಳಿ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು, ಗ್ರಿಪ್ ಚೆನ್ನಾಗಿ ಕಂಡ್ರೂ ಹಳೇ ರಬ್ಬರ್ ಗಟ್ಟಿಯಾಗಿ ಮಳೇಲಿ ಜಾರುತ್ತೆ.

ಮತ್ತೆ ನೀರಲ್ಲಿ ಮುಳುಗಿದ ಗಾಡಿ. 2018ರಲ್ಲಿ, ಮತ್ತೆ 2019ರಲ್ಲಿ ಕುಶಾಲನಗರದಲ್ಲಿ ಕಾವೇರಿ ಬಡಾವಣೆಗಳಿಗೇ ನುಗ್ಗಿತಲ್ಲ, ಆಗ ಮುಳುಗಿದ ಗಾಡಿಗಳನ್ನ ತೊಳೆದು ಪಾಲಿಶ್ ಹೊಡೆದು ಮಾರಿದ್ದನ್ನ ನಾನೇ ನೋಡಿದ್ದೀನಿ. ಸೀಟ್ ತೆಗೆದು ವೈರಿಂಗ್ ಕಟ್ಟಿನ ಮಧ್ಯ, ಏರ್ ಫಿಲ್ಟರ್ ಡಬ್ಬಿ ಮೂಲೆ, ಹೆಡ್‌ಲೈಟ್ ಒಳಗೆ ನೋಡಿ, ನಯವಾದ ಕೆಸರು ಅಲ್ಲಿಂದ ಪೂರ್ತಿ ಹೋಗಲ್ಲ. ಆಯಿಲ್ ಹಾಲು ಹಾಕಿದ ಕಾಫಿ ತರ ಕಂಡ್ರೆ ನೀರು ಸೇರಿದೆ, ವಾಪಸ್ ಬನ್ನಿ.

ಇಷ್ಟು ಹೇಳಿದ್ರೂ ಇದರಲ್ಲಿ ಏನೇ ಹೋಗಿದ್ರೂ ದುಡ್ಡು ಕೊಟ್ರೆ ನನ್ನ ಅಂಗಡೀಲಿ ಸಿಗುತ್ತೆ, ಕೋನ್ ಸೆಟ್ ಸಿಗುತ್ತೆ, ಬ್ರೇಕ್ ಶೂ ಸಿಗುತ್ತೆ. ಆರ್‌ಸಿಲಿ ನಿಮ್ಮ ಹೆಸರು ಮಾತ್ರ ಸಿಗಲ್ಲ. ಅದನ್ನ ಯಾರೂ ಕೇಳೋದೂ ಇಲ್ಲ. "ಅಣ್ಣ, ನನ್ನ ಗಾಡಿ ಮಾರಬೇಕು, ಹೇಗೆ ಮಾರಲಿ?" ಅಂತ ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ಕೇಳಿದ್ರೆ ಕೂರಿಸಿ ಕಾಫಿ ಕೊಡ್ತಿದ್ದೆ.

ಯಾಕೆ ಅಂದ್ರೆ 2016ರಲ್ಲಿ ನಾನು ನನ್ನ ಹಳೇ ಗಾಡಿ ಮಾರಿದೆ, ಪರಿಚಯದ ಹುಡುಗನಿಗೇ, ಹದಿನೆಂಟು ಸಾವಿರಕ್ಕೆ. ಓನರ್ ಹೆಸರು ಬದಲಾಯಿಸೋ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸೈನ್ ಹಾಕಿ ಆರ್‌ಸಿ ಜೊತೆ ಕೊಟ್ಟೆ, "ನಾಳೆನೇ ಮಡಿಕೇರಿಗೆ ಹೋಗಿ ಟ್ರಾನ್ಸ್‌ಫರ್ ಮಾಡಿಸ್ಕೊಳ್ತೀನಣ್ಣ" ಅಂದ, ನಾನೂ ನಂಬಿದೆ. ಅವನು ಹೋಗಲೇ ಇಲ್ಲ, ಇನ್ನೊಬ್ಬನಿಗೆ ಮಾರಿದ, ಇನ್ಶೂರೆನ್ಸ್ ಮುಗಿದು ಯಾವ ಕಾಲ ಆಗಿತ್ತೋ. ಮುಂದಿನ ವರ್ಷ ಮಳೆಗಾಲದ ಒಂದು ಸಂಜೆ ಫೋನ್ ಬಂತು, ನಿಮ್ಮ ಗಾಡಿ ರೋಡ್ ಬದೀಲಿ ನಡ್ಕೊಂಡು ಹೋಗ್ತಿದ್ದ ಒಬ್ಬ ಅಜ್ಜನಿಗೆ ಹೊಡೆದಿದೆ ಅಂತ. ನಂದು ಅಲ್ಲ, ಮಾರಿದ್ದೀನಿ ಅಂದೆ. ಆರ್‌ಸಿಲಿ ನಿಮ್ಮ ಹೆಸರೇ ಇದೆಯಲ್ಲ ಅಂದ್ರು. ಅಜ್ಜನ ಕಾಲು ಮತ್ತೆ ಸರಿಯಾಗಲೇ ಇಲ್ಲ. ನನ್ನ ಕೇಸ್ ನಡೀತಿರುವಾಗಲೇ, 2018ರಲ್ಲಿ, ಕೈಯಿಂದ ಕೈಗೆ ಮಾರಾಟ ಆಗಿದ್ದ ಒಂದು ಕಾರಿನ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ದಾಖಲೇಲಿ ಯಾರ ಹೆಸರಿದೆಯೋ ಅವರೇ ಓನರ್, ಪರಿಹಾರದ ಹೊಣೆ ಅವರದ್ದೇ ಅಂತ. ಕೊಟ್ಟೆ. ಕೊಟ್ಟಿದ್ದಕ್ಕೆ ಬೇಜಾರಿಲ್ಲ, ಅಜ್ಜನಿಗೆ ಸಿಗಲೇಬೇಕಿತ್ತು. ಒಂದು ದಿನ ಅಂಗಡಿ ಮುಚ್ಚಿ ಆ ಹುಡುಗನ ಜೊತೆ ನಾನೇ ಹೋಗಿದ್ರೆ ಗಾಡಿಗೆ ಒಬ್ಬ ಓನರ್ ಅಂತ ಇರ್ತಿದ್ದ, ಇನ್ಶೂರೆನ್ಸ್ ಕಟ್ಟೋರು ಒಬ್ಬರಿರ್ತಿದ್ರು ಅಂತ ಈಗಲೂ ಅನ್ಸುತ್ತೆ.

ಕಾನೂನಲ್ಲಿ ಮಾರಿದೋನು 14 ದಿನದೊಳಗೆ, ತಗೊಂಡೋನು 30 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು. ಆರ್‌ಸಿಲಿ ಲೋನ್ ಇನ್ನೂ ತೋರಿಸ್ತಿದ್ರೆ ಸಾಲ ತೀರಿದೆ ಅಂತ ಬ್ಯಾಂಕ್ ಕೊಡೋ ಎನ್‌ಒಸಿ, ಫಾರ್ಮ್ 35 ಕೈಗೆ ಬರೋ ತನಕ ಅಡ್ವಾನ್ಸ್ ಕೂಡ ಕೊಡ್ಬೇಡಿ. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿ ಮೇಲೆ ಓದಿ, ಆರ್‌ಸಿ ಜೊತೆ ತಾಳೆ ಹಾಕಿ. ನಮ್ದು ಕೆಎ 12, ವಯನಾಡಿಂದು ಕೆಎಲ್ 12, ಗಡೀಲಿ ಕಮ್ಮಿಗೆ ಸಿಕ್ತು ಅಂತ ಅಲ್ಲಿಂದ ತರೋರೂ ತುಂಬ ಜನ ಇದ್ದಾರೆ, ಅದಕ್ಕೆ ಅಲ್ಲಿನ ಆರ್‌ಟಿಒ ಕೊಡೋ ಎನ್‌ಒಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಿ ಹೊಸ ನಂಬರ್ ಮಾಡಿಸ್ಬೇಕು, ಆ ಲೆಕ್ಕ ಹಾಕಿದ ಮೇಲೂ ಕಮ್ಮೀನಾ ನೋಡಿ.

ಮೊನ್ನೆ ಪೊನ್ನಂಪೇಟೆ ಕಡೆಯ ಹುಡುಗ ಬಂದಿದ್ದ. ಗಾಡಿ ನಿಜವಾಗ್ಲೂ ಚೆನ್ನಾಗಿತ್ತು, ಸ್ಟಾರ್ಟಿಂಗ್ ಒಂದೇ ಒತ್ತಿಗೆ. ಓನರ್ ಎಲ್ಲಿ ಅಂದೆ. "ಓನರ್ ಊರಲ್ಲಿಲ್ಲ ಅಣ್ಣ, ಸೈನ್ ಮಾಡಿದ ಪೇಪರ್ ಬ್ರೋಕರ್ ಹತ್ರ ಉಂಟು." ಬೇಡ ಅಂದೆ. ನಿಮಗೆ ಎಲ್ಲದ್ರಲ್ಲೂ ಅನುಮಾನ ಅಂತ ಮುಖ ಗಂಟು ಹಾಕ್ಕೊಂಡು ಹೋದ. ಓನರ್‌ನ ಕರ್ಕೊಂಡು ಬಾ, ಮಡಿಕೇರಿ ಆರ್‌ಟಿಒ ತನಕ ನಾನೇ ಜೊತೆಗೆ ಬರ್ತೀನಿ ಅಂತ ಹಿಂದಿಂದ ಕೂಗಿ ಹೇಳಿದ್ದೀನಿ, ಬಂದ್ರೆ ಅವತ್ತು ಅಂಗಡಿ ಮುಚ್ಚಿರುತ್ತೆ.