ತೋಟದ ಹಳ್ಳದ ಸೇತುವೆ: ಮೇ ತಿಂಗಳವರೆಗೆ ಆದ ಕೆಲಸ

ತಾವರೆಕೆರೆ ಆಚೆಗಿನ ನಮ್ಮ ತೋಟದ ಸೇತುವೆಯ ಮೇಲೆ ಈಗ ಮತ್ತೆ ಗಾಡಿ ಓಡಾಡುತ್ತಿವೆ. ಹೊಸ ಸ್ಲ್ಯಾಬ್ ಟ್ರ್ಯಾಕ್ಟರನ್ನು ಹೊತ್ತಿದೆ, 2025ರ ಮೇ ತಿಂಗಳ ಜೋರು ಮಳೆಯೂ ಅದರಡಿ ಹರಿದು ಹೋಗಿದೆ. ಒಂದೆರಡು ಕೆಲಸ ಬಾಕಿ ಇವೆ. ಆದಷ್ಟನ್ನು ಬರೆದಿಡುತ್ತಿದ್ದೇನೆ, ಅದರಲ್ಲೂ ಬುಡದ ಕೆಲಸವನ್ನು ಸ್ವಲ್ಪ ವಿವರವಾಗಿ. ಇಂಥ ಚಿಕ್ಕ ಸೇತುವೆಗಳು ಹೆಚ್ಚಾಗಿ ಹಾಳಾಗುವುದು ಅಲ್ಲಿಂದಲೇ.

ಹಳೆಯದು ಎತ್ತಿನ ಗಾಡಿ ಕಾಲದ್ದು. ಹತ್ತಡಿ ಅಗಲದ ಹಳ್ಳ, ಎರಡೂ ಕಡೆ ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಜೀಪು, ಟ್ರ್ಯಾಕ್ಟರ್ ಎಲ್ಲವನ್ನೂ ತಡೆದುಕೊಂಡಿತ್ತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ನೀರಿನ ಟ್ಯಾಂಕರ್ ಬರತೊಡಗಿತು. 6,000 ಲೀಟರ್ ಟ್ಯಾಂಕರ್ ಎಂದರೆ ನೀರೇ 6 ಟನ್, ಗಾಡಿಯ ತೂಕ ಬೇರೆ. ಗ್ರಾನೈಟ್ ಎಷ್ಟು ಒತ್ತಿದರೂ ಜಗ್ಗುವುದಿಲ್ಲ, ಬಾಗಿಸಿದರೆ ಮಾತ್ರ ತಾಳುವುದಿಲ್ಲ. ಹಾಗಾಗಿ ಚಪ್ಪಡಿಯ ಬಿರುಕು ಕೆಳಮೈಯಿಂದ ಶುರುವಾಗುತ್ತದೆ, ಮೇಲೆ ನಿಂತವರಿಗೆ ಕಾಣುವುದಿಲ್ಲ. ಹಳ್ಳಕ್ಕಿಳಿದು ಟಾರ್ಚ್ ಬಿಟ್ಟು ನೋಡಿದಾಗ ನಡುವಿನ ಎರಡು ಚಪ್ಪಡಿಗಳ ಅಡಿಯಲ್ಲಿ ಕೂದಲೆಳೆಯಷ್ಟು ಗೆರೆ, ಗೆರೆಯುದ್ದಕ್ಕೂ ತೇವ. ಸುತ್ತಿಗೆಯಲ್ಲಿ ತಟ್ಟಿದರೆ ಉಳಿದವು ಟಣ್ ಎಂದವು, ಇವೆರಡು ಡಬ್ ಎಂದವು.

ಚಪ್ಪಡಿ ಬದಲಾಯಿಸಿದರೆ ಮುಗಿಯಿತು ಎನ್ನುವಂತಿರಲಿಲ್ಲ. ಅಕ್ಟೋಬರ್ ಮಳೆ ನಿಂತ ಮೇಲೆ ಮೇಸ್ತ್ರಿಯನ್ನು ಕರೆಸಿದಾಗ ಅವರು ಮೊದಲು ಹೇಳಿದ್ದೇ "ಸಾರ್, ಚಪ್ಪಡಿ ಹಾಗಿರ್ಲಿ, ಬುಡ ನೋಡಿ ಬನ್ನಿ" ಅಂತ. ನೀರು ಹೊರಬೀಳುವ ಕಡೆಯ ಮೂಲೆಯಲ್ಲಿ ಹಾರೆ ತಳ್ಳಿದರು. ಗೋಡೆಯಡಿ ಒಂದೂವರೆ ಅಡಿ ಸಲೀಸಾಗಿ ಒಳಗೆ ಹೋಯಿತು. ಅಗಲವಾಗಿ ಬರುವ ನೀರು ಎರಡು ಗೋಡೆಗಳ ನಡುವೆ ಇಕ್ಕಟ್ಟಾದಾಗ ವೇಗ ಹೆಚ್ಚುತ್ತದೆ. ಆಚೆ ಬದಿ ಸಡಿಲ ಮಣ್ಣಿನ ಮೇಲೆ ಬಿದ್ದು ಗುಂಡಿ ತೋಡುತ್ತದೆ. ಆ ಗುಂಡಿ ಹಿಂದಕ್ಕೆ ಕೊರೆಯುತ್ತಾ ಪಾಯದಡಿ ಸೇರುತ್ತದೆ.

ಚಪ್ಪಡಿ ತೆಗೆದು ಎರಡು ಹ್ಯೂಮ್ ಪೈಪ್ (ಕಾಂಕ್ರೀಟಿನ ದೊಡ್ಡ ಕೊಳವೆ) ಹಾಕಿ ಮಣ್ಣು ಮುಚ್ಚಿಬಿಡಿ, ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ ಎಂದವರು ಬಹಳ ಜನ. ನನಗೆ ಒಪ್ಪಿಗೆಯಾಗಲಿಲ್ಲ. ಅರ್ಕಾವತಿ ಕಡೆ ಹೋಗುವ ನಮ್ಮ ಹಳ್ಳದಲ್ಲಿ ಮಳೆ ಬಂದರೆ ತೆಂಗಿನ ಗರಿ, ಲಂಟಾನ ಕಡ್ಡಿ, ಪ್ಲಾಸ್ಟಿಕ್ ಎಲ್ಲ ತೇಲಿ ಬರುತ್ತವೆ. ಒಂದು ಗರಿ ಪೈಪಿನ ಬಾಯಿಗೆ ಅಡ್ಡ ಸಿಕ್ಕಿಕೊಂಡರೆ ಸಾಕು, ಹಿಂದಿನದೆಲ್ಲ ಅಲ್ಲೇ ಕಟ್ಟಿಕೊಂಡು ನೀರು ಪಕ್ಕದ ಮಣ್ಣನ್ನು ಕೊಚ್ಚಿ ದಾರಿ ಮಾಡಿಕೊಳ್ಳುತ್ತದೆ. ಮೇಲಾಗಿ ಹಳ್ಳ ನಕಾಶೆಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ. ಅದನ್ನು ಕಿರಿದು ಮಾಡುವ ಹಕ್ಕು ನಮಗಿಲ್ಲ, ಮಾಡಿದರೆ ಮೇಲಿನ ತೋಟದವರಿಗೆ ನೀರು ನುಗ್ಗುತ್ತದೆ. ಹತ್ತಡಿ ಹತ್ತಡಿಯಾಗಿಯೇ ಉಳಿಯಬೇಕು ಎಂದು ತೀರ್ಮಾನಿಸಿ, ಪಂಚಾಯಿತಿಗೆ ಅರ್ಜಿ ಕೊಟ್ಟು, ಹಳ್ಳ ಒಣಗಿದ ಜನವರಿಯಲ್ಲಿ ಕೆಲಸ ಹಿಡಿದೆವು.

ಮೊದಲು ಗೋಡೆಯ ಬುಡ. ಇಡೀ ಉದ್ದಕ್ಕೂ ಒಟ್ಟಿಗೆ ತೋಡಿದರೆ ಗೋಡೆ ಕುಸಿದೀತು. ಮೂರಡಿ ತೋಡಿ, ಗಟ್ಟಿ ನೆಲ ಸಿಕ್ಕ ಮೇಲೆ ಕಾಂಕ್ರೀಟ್ ತುಂಬಿ, ಪಕ್ಕದ ಮೂರಡಿ ಬಿಟ್ಟು ಅದರಾಚೆಯದಕ್ಕೆ ಕೈ ಹಾಕಬೇಕು. ತುಂಬಿದ್ದು ಗಟ್ಟಿಯಾದ ಮೇಲೆ ಬಿಟ್ಟದ್ದನ್ನು ತೋಡಬೇಕು. ಬೇಜಾರು ಹಿಡಿಸುವಷ್ಟು ನಿಧಾನದ ಕೆಲಸ, ಆದರೆ ಇಡೀ ರಿಪೇರಿಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ಇದೇ. ಕಲ್ಲಿನ ಸಂದುಗಳ ಹಳೇ ಗಾರೆ ಕೆರೆದು 1:4 (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಸಿಮೆಂಟ್ ಗಾರೆ ತುಂಬಿಸಿದೆವು. ಗೋಡೆಯ ಹಿಂದೆ ಕೆಂಪುಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ, ಅದಕ್ಕೆ ಮೂರಿಂಚು ಪಿವಿಸಿ ಪೈಪಿನ ತುಂಡುಗಳನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿ, ಹಿಂದೆ ಜಲ್ಲಿ ತುಂಬಿದೆವು.

ನೀರು ಹೊರಬೀಳುವ ಬದಿಗೆ ಹಳ್ಳದ ಅಡ್ಡಕ್ಕೆ ಮೂರಡಿ ಆಳದ ಕಾಂಕ್ರೀಟ್ ಗೋಡೆ, ಅದು ನೆಲದೊಳಗೇ ಹೂತಿರುತ್ತದೆ. ಸೇತುವೆಯಡಿ ಕಲ್ಲು ಹಾಸು. ಬಿಚ್ಚಿದ ಹಳೇ ಚಪ್ಪಡಿಗಳೆಲ್ಲ ಇಲ್ಲಿಗೇ ಬಂದವು. ಅಡ್ಡಗೋಡೆಯ ಆಚೆಗೆ ದಪ್ಪ ದಪ್ಪ ದಿಂಡುಗಲ್ಲು, ಗಾರೆ ಹಾಕದೆ, ಸುಮ್ಮನೆ ಜೋಡಿಸಿದ್ದು.

ಸ್ಲ್ಯಾಬಿನ ವಿಷಯ ಬೇಗ ಹೇಳಬಹುದು. ಟ್ಯಾಂಕರ್ ಲೆಕ್ಕ ಹಿಡಿದು ಇಂಜಿನಿಯರ್ ಕೊಟ್ಟ ಡ್ರಾಯಿಂಗ್ ಪ್ರಕಾರ ಒಂದಡಿ ದಪ್ಪ, ಎಂ25 ದರ್ಜೆಯ ಕಾಂಕ್ರೀಟ್, ಐದಿಂಚಿಗೊಂದು 16 ಎಂಎಂ ಕಂಬಿ, ಕಂಬಿಯನ್ನು ತಳದಿಂದ ಎತ್ತಿ ಹಿಡಿಯಲು ಕೆಳಗೆ 40 ಎಂಎಂ ಕವರ್ ಬ್ಲಾಕ್. 13 ಅಡಿ ಉದ್ದ, 12 ಅಡಿ ಅಗಲ. ಅದರ ಸ್ವಂತ ತೂಕವೇ ಸುಮಾರು 11 ಟನ್. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟು ಕಂಬಿ ಎತ್ತುವ ರೂಢಿಯನ್ನು ಇಲ್ಲಿ ಬಿಡಿಸಿದೆ. ಕಂಬಿಗೆ ತೇವ ತಗುಲಿದರೆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳಿ ಕಾಂಕ್ರೀಟನ್ನೇ ಒಡೆಯುತ್ತದೆ, ಹಳ್ಳದ ಮೇಲೆ ತೇವಕ್ಕೆ ಬರವಿಲ್ಲ. ಮಿಕ್ಸರ್‌ಗೆ ಸುರಿಯುವ ನೀರನ್ನೂ ಅಳತೆ ಡಬ್ಬದಲ್ಲೇ ಹಾಕಿಸಿದೆ. ಮರುದಿನ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿದೆವು, ಅಂಚುಗಳಿಗೆ ಒದ್ದೆ ಗೋಣಿಚೀಲ. ಮಾರ್ಚ್ ಬಿಸಿಲು, ಸಂಜೆಯೊಳಗೆ ಪಾತಿ ಬತ್ತುತ್ತಿತ್ತು. 28 ದಿನ ತುಂಬುವವರೆಗೆ ಗಾಡಿ ಬಿಡಲಿಲ್ಲ. ಗೊಬ್ಬರದ ಮೂಟೆಗಳನ್ನು ಆಳುಗಳು ಹೊತ್ತೇ ದಾಟಿಸಿದರು, ಅವರ ಋಣ ದೊಡ್ಡದು.

ಮೇ ಮಳೆಗೆ ಹಳ್ಳ ಗೋಡೆಯ ಮುಕ್ಕಾಲು ಎತ್ತರಕ್ಕೆ ಬಂತು. ಇಳಿದ ಮೇಲೆ ಹಾರೆ ಹಿಡಿದು ಎಲ್ಲ ಮೂಲೆ ಚುಚ್ಚಿ ನೋಡಿದೆವು, ಎಲ್ಲಿಯೂ ಒಳಗೆ ಹೋಗಲಿಲ್ಲ. ಪಿವಿಸಿ ಪೈಪುಗಳಿಂದ ತಿಳಿನೀರು ಹರಿಯುತ್ತಿತ್ತು. ಕೆಂಪಗೆ ಬಂದಿದ್ದರೆ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ದಿಂಡುಗಲ್ಲಿನ ಕೊನೇ ಸಾಲು ಮುಕ್ಕಾಲಡಿ ಕುಸಿದಿದೆ. ಅದು ಕುಸಿಯಲೆಂದೇ ಇಟ್ಟದ್ದು: ನೀರು ಗುಂಡಿ ತೋಡಿದಂತೆ ಸಡಿಲ ಕಲ್ಲು ತಾನಾಗಿ ಉರುಳಿ ಗುಂಡಿಯನ್ನು ಮುಚ್ಚುತ್ತದೆ, ಗಾರೆ ಹಾಕಿದ್ದರೆ ಅಡಿಯಲ್ಲಿ ಪೊಳ್ಳಾಗಿ ಒಮ್ಮೆಲೇ ಮುರಿಯುತ್ತಿತ್ತು.

ಬಾಕಿ ಇರುವುದು ಇಷ್ಟು. ಕುಸಿದ ಕಡೆ ಅರ್ಧ ಲೋಡು ದಿಂಡುಗಲ್ಲು ಸೇರಿಸಬೇಕು. ಬೆಂಗಳೂರಿಗೆ ಸೆಪ್ಟೆಂಬರೇ ಹೆಚ್ಚು ಮಳೆಯ ತಿಂಗಳು, ಅದರೊಳಗೆ ಆಗಲೇಬೇಕು. ರಾತ್ರಿ ಬರುವವರಿಗೆ ಅಂಚು ಕಾಣುವಂತೆ ಎರಡೂ ಬದಿಗೆ ಸುಣ್ಣ ಬಳಿದ ಕಾವಲುಗಲ್ಲು ನೆಡಬೇಕು. 12,000 ಲೀಟರ್ ಟ್ಯಾಂಕರ್‌ಗೆ ಪ್ರವೇಶವಿಲ್ಲ ಎಂಬ ಬೋರ್ಡ್ ಬರೆಸಲು ಕೊಟ್ಟಿದ್ದೇನೆ, ಮುಂದಿನ ವಾರ ಸಿಗುತ್ತದೆ.